ಖರ್ಚಿನ ಲೆಕ್ಕ ಕೇಳಿದರೆ ಮೊಬೈಲನ್ನೇ ಮೇಜಿನ ಮೇಲೆ ಇಡಬೇಕೇ?

ಲೆಕ್ಕ ಬರೆಯುವ ಸೊಸೆ (ಕಲಬುರಗಿ)

ನಮ್ಮದು ಕೂಡು ಕುಟುಂಬ. ಮಾವ, ಅತ್ತೆ, ಯಜಮಾನರು, ನಾನು, ದ್ವಿತೀಯ ಪಿಯುಸಿ ಓದುವ ಮಗಳು ಮತ್ತು ಎಂಟನೆಯ ತರಗತಿಯ ಮಗ ಇಲ್ಲಿದ್ದೇವೆ. ಮೈದುನ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ಹಬ್ಬಕ್ಕೆ ಬಂದು ಹೋಗುತ್ತಾನೆ. ಮನೆಯ ಲೆಕ್ಕದ ವಹಿ ಬಹಳ ವರ್ಷಗಳಿಂದ ನನ್ನ ಕೈಯಲ್ಲಿದೆ. ಕಿರಾಣಿ, ಹಾಲು, ಗ್ಯಾಸ್, ಕರೆಂಟು ಎಲ್ಲವೂ ಸರಿಹೋಗುತ್ತವೆ. ಟಿವಿ, ಇಂಟರ್‌ನೆಟ್ ಮತ್ತು ಮೊಬೈಲ್‌ಗೆಂದು ಬೇರೆ ಮಾಡಿಟ್ಟ ಪುಟ ಮಾತ್ರ ಯಾವ ತಿಂಗಳೂ ತಾಳೆಯಾಗುವುದಿಲ್ಲ. ಕೇಬಲ್‌ಗೆ 350, 599 ಎಂದು ಹೇಳಿ ಕೊಟ್ಟ ಬ್ರಾಡ್‌ಬ್ಯಾಂಡ್‌ಗೆ ಜಿಎಸ್‌ಟಿ ಸೇರಿ 707, ಐದು ಮೊಬೈಲುಗಳ ರೀಚಾರ್ಜ್, ದಿನಪತ್ರಿಕೆ; ಇವೆಲ್ಲ ಕಣ್ಣಿಗೆ ಕಾಣುವ ಖರ್ಚು. ಇವುಗಳ ಸಂದಿಯಲ್ಲಿ ಯಜಮಾನರ ಖಾತೆಯಿಂದ 149, 199, 299 ಎಂದು ತಾನಾಗಿಯೇ ಹೋಗುವ ರೊಕ್ಕ ಯಾತಕ್ಕೆ ಹೋಗುತ್ತಿದೆ, ಯಾರು ಹಾಕಿಸಿದ್ದು ಎಂಬುದು ಯಾರಿಗೂ ನೆನಪಿಲ್ಲ.

ಹೋದ ಭಾನುವಾರ ಮಾವನವರು ಉಪಯೋಗವಿಲ್ಲದ್ದನ್ನೆಲ್ಲ ಬಂದ್ ಮಾಡಿಸೋಣ ಎಂದು, ಎಲ್ಲರೂ ತಮ್ಮ ತಮ್ಮ ಮೊಬೈಲನ್ನು ಊಟದ ಮೇಜಿನ ಮೇಲೆ ಇಡಬೇಕೆಂದು ಹೇಳಿದರು. ಯಾರು ಯಾವುದರಲ್ಲಿ ಏನು ನೋಡಿದ್ದಾರೆಂದು ತೆರೆದು ನೋಡಿದರೆ ಯಾವುದು ಬೇಕು, ಯಾವುದು ಬೇಡ ಎಂಬುದು ತಿಳಿಯುತ್ತದೆ ಎಂಬುದು ಅವರ ತರ್ಕ. ಮಗಳು ಒಪ್ಪಲಿಲ್ಲ. "ಮುಚ್ಚಿಡುವಂಥದ್ದು ಏನಿದೆ?" ಎಂದು ಅವರು ಕೇಳಿದ್ದಕ್ಕೆ ಅವಳು ಎದ್ದು ಒಳಗೆ ಹೋದಳು. ಅಂದಿನಿಂದ ಮುತ್ಯಾ-ಮೊಮ್ಮಗಳ ನಡುವೆ ಮಾತು ನಿಂತಿದೆ. ಇಷ್ಟರ ನಡುವೆ ಅತ್ತೆಯವರೂ ತಮ್ಮ ಮೊಬೈಲನ್ನು ಸದ್ದಿಲ್ಲದೆ ತಲೆದಿಂಬಿನ ಕೆಳಗೆ ಸರಿಸಿದರು. ಅದನ್ನು ನಾನೊಬ್ಬಳೇ ನೋಡಿದೆ.

ಖರ್ಚು ಕಡಿಮೆಯಾಗಬೇಕೆಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಒಬ್ಬರ ಮೊಬೈಲಿನೊಳಗೆ ಇನ್ನೊಬ್ಬರು ಇಣುಕದೆ ಈ ಲೆಕ್ಕವನ್ನು ಬಗೆಹರಿಸುವ ದಾರಿ ಇದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಬೀದರ್ ಕೋಟೆ ಹುಡುಗ

ಮಾವನವರ ಮೊಬೈಲೂ ಮೇಜಿನ ಮೇಲೆ ಬಂದಿತ್ತೇ? ಅದನ್ನು ಮೊದಲು ಹೇಳಿ, ಅಕ್ಕಾ.

ಸುರಪುರದ ತಂದೆ

ತಮಾಷೆ ಆಮೇಲೆ ಮಾಡಿ. ಹಿರಿಯರು ಕೇಳಿದ್ದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಬಿಲ್ಲು ಕಟ್ಟುವವರಿಗೆ ಆ ಬಿಲ್ಲಿನಿಂದ ಮನೆಯೊಳಗೆ ಏನು ಬರುತ್ತಿದೆ ಎಂದು ತಿಳಿಯುವ ಅಧಿಕಾರ ಇರಬೇಕಲ್ಲವೇ? ಹುಡುಗಿಗೆ ಇನ್ನೂ ಹದಿನೆಂಟು ತುಂಬಿಲ್ಲ. ನಮ್ಮ ಓಣಿಯಲ್ಲಿಯೇ ಒಬ್ಬ ಹುಡುಗ ಆಟದ ಆ್ಯಪ್‌ನಲ್ಲಿ ತಂದೆಯ ಯುಪಿಐ ಪಿನ್ ಒತ್ತಿ ಬಂದೂಕು, ಅಂಗಿ-ಟೊಪ್ಪಿಗೆ ಎಂದು ಇಲ್ಲದ ವಸ್ತುಗಳನ್ನು ಖರೀದಿಸುತ್ತಾ ಹೋದ. ತೊಗರಿ ಮಾರಿ ಬಂದ ಹಣ ಖಾತೆಯಲ್ಲಿ ಕರಗಿದ್ದು ಬೀಜ-ಗೊಬ್ಬರ ತರಲು ಹೋದಾಗಲೇ ಆ ತಂದೆಗೆ ತಿಳಿಯಿತು. ತೆರೆದ ಬಾವಿಗೆ ಕಟ್ಟೆ ಕಟ್ಟುವವನನ್ನು ಯಾರೂ ಅನುಮಾನದ ಮನುಷ್ಯ ಎನ್ನುವುದಿಲ್ಲ. ಮೊಬೈಲಿನ ವಿಷಯಕ್ಕೆ ಬಂದರೆ ಮಾತ್ರ ತಂದೆ-ತಾಯಿ ಖಳನಾಯಕರಾಗುತ್ತಾರೆ.

ಹಾಸ್ಟೆಲ್ ಹುಡುಗಿ (ಕಲಬುರಗಿ)

ಸುರಪುರದ ಅಂಕಲ್, ನೀವು ಹೇಳಿದ ಹುಡುಗನ ಮನೆಯಲ್ಲಿ ಸೋತದ್ದು ಪಿನ್‌ನ ಗುಟ್ಟು. ಅವನು ಏನೇನು ನೋಡುತ್ತಾನೆಂದು ತಂದೆ ದಿನವೂ ಪರಿಶೀಲಿಸಿದ್ದರೂ ಪಿನ್ ಗೊತ್ತಿರುವವರೆಗೆ ಹಣ ಹೋಗುತ್ತಲೇ ಇತ್ತು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡುವ ಸೆಟ್ಟಿಂಗ್ ಇದೆ, ಪೋಷಕರು ಮಕ್ಕಳ ಮೊಬೈಲನ್ನು ನಿಭಾಯಿಸಲು ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ ಮಗು ಏನಾದರೂ ಕೊಳ್ಳಬೇಕೆಂದರೆ ಪೋಷಕರ ಒಪ್ಪಿಗೆಗೆ ಕೋರಿಕೆ ಹೋಗುತ್ತದೆ. ಇವು ಹಣಕ್ಕೆ ಹಾಕುವ ಬೀಗಗಳು. ಇವುಗಳಿಗೆ ಯಾರ ನೋಡಿದ ಪಟ್ಟಿಯೂ ಬೇಕಾಗಿಲ್ಲ.

ಮೂಲ ಪ್ರಶ್ನೆಗೆ ಬರುತ್ತೇನೆ. ಆ ತಂಗಿ ಏನನ್ನಾದರೂ ಮುಚ್ಚಿಡುತ್ತಿದ್ದಾಳೆಂದು ಯಾಕೆ ಭಾವಿಸಬೇಕು? ನಾನು ಪಿಯುಸಿ ಓದುವಾಗ ನನ್ನ ಹುಡುಕಾಟದ ಪಟ್ಟಿಯಲ್ಲಿ ಇದ್ದದ್ದು ಮೊಡವೆ, ಮುಟ್ಟಿನ ಹೊಟ್ಟೆನೋವು, ಪರೀಕ್ಷೆಯಲ್ಲಿ ನಪಾಸಾದರೆ ಮುಂದೇನು ಎಂಬ ಪ್ರಶ್ನೆಗಳು. ಇವುಗಳಲ್ಲಿ ಒಂದೂ ತಪ್ಪಲ್ಲ, ಆದರೆ ಒಂದನ್ನೂ ಊಟದ ಮೇಜಿನ ಮೇಲೆ ಮುತ್ಯಾನವರ ಮುಂದೆ ಗಟ್ಟಿಯಾಗಿ ಓದಿಸಿಕೊಳ್ಳಲು ನಾನು ತಯಾರಿರಲಿಲ್ಲ.

ಲೆಕ್ಕ ಬರೆಯುವ ಸೊಸೆ (ಕಲಬುರಗಿ)

ಕೋಟೆ ಹುಡುಗನ ಪ್ರಶ್ನೆಗೆ ಉತ್ತರ: ಬಂದಿರಲಿಲ್ಲ. ಚಾರ್ಜಿಗೆ ಹಾಕಿದ್ದೇನೆ ಎಂದರು.

ಬೀದರ್ ಕೋಟೆ ಹುಡುಗ

ನಾನು ಇನ್ನು ಮಾತಾಡುವುದಿಲ್ಲ.

ಕೌಂಟರ್ ನಂಬರ್ ಮೂರು

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಇದೇ ಪ್ರಶ್ನೆಯನ್ನು ವಾರಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುವವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲನೆಯದಾಗಿ, ನಿಮ್ಮ ಲೆಕ್ಕಕ್ಕೆ ಬೇಕಾದ ಎಲ್ಲ ಮಾಹಿತಿಯೂ ಯಜಮಾನರ ಖಾತೆಯ ಸ್ಟೇಟ್‌ಮೆಂಟಿನಲ್ಲಿಯೇ ಇದೆ. ಅದರಲ್ಲಿ ಕಂಪನಿಯ ಹೆಸರು, ತಾರೀಖು, ಮೊತ್ತ ಇರುತ್ತವೆ. ಯಾರು ಯಾವ ಸಿನಿಮಾ ನೋಡಿದರು ಎಂಬುದು ಬ್ಯಾಂಕಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದುಕೊಂಡು, ಒಂದೇ ಮೊತ್ತ ಒಂದೇ ಅಂತರದಲ್ಲಿ ಎಲ್ಲೆಲ್ಲಿ ಮರಳಿ ಬರುತ್ತಿದೆಯೋ ಅಲ್ಲಿ ಗುರುತು ಹಾಕಿ. ವರ್ಷಕ್ಕೊಮ್ಮೆ ಕಡಿತವಾಗುವ ಚಂದಾಗಳೂ ಇರುವುದರಿಂದ ಮೂರು ತಿಂಗಳಿನದು ಸಾಲುವುದಿಲ್ಲ.

ಎರಡನೆಯದು, ಈ ಕಡಿತಗಳು ಯಾರ ಒಪ್ಪಿಗೆಯೂ ಇಲ್ಲದೆ ಆಗುತ್ತಿಲ್ಲ. ಎಂದೋ ಒಮ್ಮೆ ಒಪ್ಪಿಗೆ ಕೊಟ್ಟಿರುತ್ತೇವೆ, ಅದನ್ನೇ ಮ್ಯಾಂಡೇಟ್ ಎನ್ನುವುದು. ಯುಪಿಐ ಮೂಲಕ ಹಣ ತಾನಾಗಿಯೇ ಕಡಿತವಾಗುವ ಆಟೋಪೇ ಸೌಲಭ್ಯ 2020ರ ಜುಲೈಯಲ್ಲಿ ಬಂದಿತು. ಕಾರ್ಡುಗಳಿಗೆ ಸಂಬಂಧಿಸಿ ರಿಸರ್ವ್ ಬ್ಯಾಂಕಿನ ಬಿಗಿ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಯಾಯಿತು. ಆ ಪ್ರಕಾರ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಮೆಸೇಜ್ ಬರಬೇಕು. ಮೊದಲ ಸಲ ಮಾತ್ರ ಪಿನ್ ಅಥವಾ ಓಟಿಪಿ ಕೇಳುತ್ತದೆ. ಆಮೇಲೆ, 5,000 ರೂಪಾಯಿ ಇದ್ದು 2022ರ ಜೂನ್‌ನಲ್ಲಿ 15,000ಕ್ಕೆ ಏರಿದ ಮಿತಿಯೊಳಗಿನ ಮೊತ್ತಗಳಿಗೆ ಮತ್ತೆ ಕೇಳುವುದಿಲ್ಲ. 149 ರೂಪಾಯಿ ಸದ್ದಿಲ್ಲದೆ ಹೋಗುವುದು ಇದೇ ಕಾರಣಕ್ಕೆ. ನಿಮ್ಮ ಯಜಮಾನರಿಗೂ ಆ ಮೆಸೇಜುಗಳು ಬಂದಿರುತ್ತವೆ, ಆದರೆ ಸಾಲ ಬೇಕೇ, ಪ್ಲಾಟು ಬೇಕೇ ಎಂಬ ಮೆಸೇಜುಗಳ ರಾಶಿಯಲ್ಲಿ ಅವು ಹೂತು ಹೋಗಿರುತ್ತವೆ.

ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ವಿಭಾಗವನ್ನು ತೆರೆದರೆ ಆ ಆ್ಯಪ್ ಮೂಲಕ ಕೊಟ್ಟ ಮ್ಯಾಂಡೇಟುಗಳು ಕಾಣುತ್ತವೆ, ಅಲ್ಲಿಯೇ ರದ್ದು ಮಾಡಬಹುದು. ಕಾರ್ಡಿನ ಮ್ಯಾಂಡೇಟುಗಳನ್ನು ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ರದ್ದು ಮಾಡಲು ಅವಕಾಶ ಇರಲೇಬೇಕೆಂಬುದು ನಿಯಮ. ತೆರೆಯಬೇಕಾದದ್ದು ಯಜಮಾನರ ಮೊಬೈಲೊಂದೇ, ಅದೂ ಅವರೇ.

ಸೂಪರ್ ಮಾರ್ಕೆಟ್ ಮೊಬೈಲ್ ಅಂಗಡಿ

ಬ್ಯಾಂಕಿನ ಸಾಹೇಬರ ಮಾತಿಗೆ ಒಂದು ಸೇರ್ಪಡೆ ಇದೆ. ಮ್ಯಾಂಡೇಟ್ ರದ್ದು ಮಾಡುವುದು ಮತ್ತು ಚಂದಾ ರದ್ದು ಮಾಡುವುದು ಎರಡು ಬೇರೆ ಬೇರೆ ಕೆಲಸಗಳು, ಎರಡನ್ನೂ ಮಾಡಬೇಕು. ನನ್ನ ಅಂಗಡಿಗೆ ಬರುವವರಲ್ಲಿ ಬಹುತೇಕರು ಆ್ಯಪ್ ಅಳಿಸಿದರೆ ಚಂದಾ ಮುಗಿಯಿತೆಂದೇ ತಿಳಿದಿರುತ್ತಾರೆ. ಆ್ಯಪ್ ಅಳಿಸಿದರೂ ಕಡಿತ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ತೆರೆದು, ಮೇಲ್ಗಡೆಯ ನಿಮ್ಮ ಚಿತ್ರವನ್ನು ಒತ್ತಿ, ಪಾವತಿ ಮತ್ತು ಚಂದಾಗಳ ವಿಭಾಗಕ್ಕೆ ಹೋದರೆ ಗೂಗಲ್ ಮೂಲಕ ಹಾಕಿಸಿದವುಗಳ ಪಟ್ಟಿ ಸಿಗುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ನೇರವಾಗಿ ಹಾಕಿಸಿದ್ದು ಅಲ್ಲಿ ಕಾಣುವುದಿಲ್ಲ, ಅದಕ್ಕೆ ಆಯಾ ಖಾತೆಯೊಳಗೇ ಹೋಗಬೇಕು.

ಹಾಕಿಸುವಾಗ ಒಂದು ಒತ್ತು, ಬಿಡಿಸುವಾಗ ಏಳು ಬಾಗಿಲು ತೋರಿಸುವ ಕಂಪನಿಗಳ ಮೇಲೆ ದೂರು ಕೊಡಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಚಂದಾ ಬಲೆಯೂ ಒಂದು. 1915 ಎಂಬ ಗ್ರಾಹಕ ಸಹಾಯವಾಣಿ ಇದಕ್ಕೇ ಇದೆ. ಯಾರೋ ವಂಚಿಸಿ ಹಣ ಎತ್ತಿದ್ದರೆ ಅದು ಬೇರೆ ಪ್ರಕರಣ, ಆಗ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಸುರಪುರದ ತಂದೆ

ಎಲ್ಲರೂ ಹಣದ ಮಾತನ್ನೇ ಆಡುತ್ತಿದ್ದೀರಿ. ಮಕ್ಕಳು ಏನು ನೋಡುತ್ತಾರೆಂಬುದು ಹಾಗಾದರೆ ಯಾರ ಜವಾಬ್ದಾರಿ? ಬ್ಯಾಂಕಿನದೇ?

ಕೌಂಟರ್ ನಂಬರ್ ಮೂರು

ಖಂಡಿತ ತಂದೆ-ತಾಯಿಯದೇ, ಸರ್. ಆದರೆ ಅಕ್ಕನವರ ಮನೆಯಲ್ಲಿ ಕೇಳಿದ್ದು ಲೆಕ್ಕವನ್ನು. ಮಗಳ ಬಗ್ಗೆ ಕಳವಳವಿದ್ದರೆ ಅದನ್ನು ಕಳವಳವೆಂದೇ ಹೇಳಿ, ತಾಯಿ ಒಬ್ಬರೇ ಕೂತು ಮಾತಾಡಬೇಕು. ಖರ್ಚಿನ ನೆಪದಲ್ಲಿ ಮೊಬೈಲು ತೆಗೆದುಕೊಂಡರೆ, ಮುಂದೆ ನಿಜವಾಗಿ ಖರ್ಚಿನ ಲೆಕ್ಕ ಕೇಳಿದಾಗಲೂ ಅವಳು ನಂಬುವುದಿಲ್ಲ.

ಹುಮನಾಬಾದ್ ಕೇಬಲ್

ಚರ್ಚೆ ಓಟಿಟಿಯ, ಅಂದರೆ ಇಂಟರ್‌ನೆಟ್ ಮೂಲಕ ಸಿನಿಮಾ-ಧಾರಾವಾಹಿ ತೋರಿಸುವ ಆ್ಯಪ್‌ಗಳ ಸುತ್ತಲೇ ತಿರುಗುತ್ತಿದೆ. ಅಕ್ಕನವರೇ, ನಿಮ್ಮ 350ರಲ್ಲಿ ಏನೇನು ಸೇರಿದೆ ಎಂದು ಕೇಳಿದ್ದೀರಾ? 2019ರ ಫೆಬ್ರವರಿ 1ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ಪದ್ಧತಿ ಬಂದಾಗ 100 ಚಾನೆಲ್‌ಗಳ ನೆಟ್‌ವರ್ಕ್ ಶುಲ್ಕಕ್ಕೆ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಇತ್ತು. 2020ರಲ್ಲಿ ಅದೇ 130ಕ್ಕೆ 200 ಚಾನೆಲ್‌ ಎಂದಾಯಿತು. 2024ರ ಜುಲೈಯಲ್ಲಿ ಆ ಮಿತಿಯನ್ನೇ ತೆಗೆದರು, ಈಗ ಆಯಾ ಸಂಸ್ಥೆಯೇ ಶುಲ್ಕ ನಿಗದಿ ಮಾಡುತ್ತದೆ. ಆದರೆ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಗ್ರಾಹಕರ ಹಕ್ಕು ಹಾಗೆಯೇ ಉಳಿದಿದೆ. ನಾವು ಕೊಡುವ ಪ್ಯಾಕಿನಲ್ಲಿ ತೆಲುಗು, ಹಿಂದಿ, ಮರಾಠಿ ಎಲ್ಲವೂ ಕಲೆತಿರುತ್ತವೆ, ಏಕೆಂದರೆ ನಮ್ಮ ಭಾಗದ ಒಂದೊಂದು ಮನೆಯಲ್ಲಿ ಒಂದೊಂದು ಭಾಷೆಯ ಧಾರಾವಾಹಿ ನಡೆಯುತ್ತದೆ. ನಿಮ್ಮ ಮನೆಯಲ್ಲಿ ನೋಡುವವರು ಕನ್ನಡ ಧಾರಾವಾಹಿಗೆ ಅತ್ತೆಯವರು, ಸುದ್ದಿಗೆ ಮಾವನವರು ಇಷ್ಟೇ ಇದ್ದರೆ ಬೇಕಾದವನ್ನು ಬರೆದುಕೊಟ್ಟು ಉಳಿದವನ್ನು ತೆಗೆಸಿ. ಇದು ನನ್ನ ವ್ಯಾಪಾರಕ್ಕೆ ವಿರುದ್ಧವಾದ ಸಲಹೆ, ಆದರೂ ಕೊಡುತ್ತಿದ್ದೇನೆ.

ಇನ್ನೊಂದು ಮಾತು. ನಮ್ಮ ಹಳೆಯ ಸೆಟ್‌ಟಾಪ್ ಬಾಕ್ಸಿಗೆ ಸಿಗ್ನಲ್ ಬರುತ್ತದೆ, ಹೊರಗೆ ಹೋಗುವುದಿಲ್ಲ. ಯಾರ ಮನೆಯಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಯಾವ ಚಾನೆಲ್ ಹಾಕಿದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೀವು ಇಂಟರ್‌ನೆಟ್ ಟಿವಿ ತಂದಿರುವುದರಿಂದ ಈ ತಲೆನೋವೆಲ್ಲ.

ತಂತಿ ಜೋಡಿಸುವವ (ಬೀದರ್)

ಕೇಬಲ್‌ನವರ ಮಾತು ಅರ್ಧ ಸರಿ. ಸ್ಮಾರ್ಟ್ ಟಿವಿಗಳಲ್ಲಿ ಪರದೆಯ ಮೇಲೆ ಏನು ಮೂಡುತ್ತಿದೆ ಎಂಬುದನ್ನು ಗುರುತಿಸಿ ಕಂಪನಿಗೆ ಕಳುಹಿಸುವ ತಂತ್ರವಿರುತ್ತದೆ. ಕೇಬಲ್ ಬಾಕ್ಸನ್ನೇ ಜೋಡಿಸಿದ್ದರೂ ಅದು ಕೆಲಸ ಮಾಡಬಲ್ಲದು. ಅಮೆರಿಕದಲ್ಲಿ ವಿಜಿಯೊ ಎಂಬ ಟಿವಿ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಒಪ್ಪಿಗೆಯಿಲ್ಲದೆ ಮಾಹಿತಿ ತೆಗೆದುಕೊಂಡಿತೆಂಬ ಆರೋಪದ ಪ್ರಕರಣವನ್ನು 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ನಾವು ಟಿವಿ ಜೋಡಿಸಿದ ಕೂಡಲೇ ಗ್ರಾಹಕರು ಓದದೆ ಎಲ್ಲದಕ್ಕೂ ಒಪ್ಪಿಗೆ ಒತ್ತುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಗೌಪ್ಯತೆಯ ಭಾಗಕ್ಕೆ ಹೋಗಿ, ವೀಕ್ಷಣೆಯ ಮಾಹಿತಿ ಮತ್ತು ಆಸಕ್ತಿ ಆಧಾರಿತ ಜಾಹೀರಾತು ಎಂಬವನ್ನು ಆಫ್ ಮಾಡಿದರೆ ಟಿವಿ ನೋಡುವುದಕ್ಕೆ ಏನೂ ಅಡ್ಡಿಯಾಗುವುದಿಲ್ಲ. ಮೊಮ್ಮಗಳು ಏನು ನೋಡುತ್ತಾಳೆಂದು ಮುತ್ಯಾನವರಿಗೆ ತಿಳಿಯದಿದ್ದರೂ ಟಿವಿ ಕಂಪನಿಗೆ ತಿಳಿದಿರಬಹುದು. ಆ ಬಗ್ಗೆ ಯಾರಿಗೂ ಸಿಟ್ಟು ಬರುವುದಿಲ್ಲ, ಅದೊಂದು ಸೋಜಿಗ.

ನಿವೃತ್ತ ಮಾಸ್ತರ (ಶಹಾಪುರ)

ನಿಮ್ಮ ಮಾತುಗಳನ್ನು ಓದುತ್ತಾ 1975 ನೆನಪಾಯಿತು. ನಾಸಾದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿದ್ದು ಕಲಬುರಗಿ, ರಾಯಚೂರು ಮತ್ತು ವಿಜಯಪುರ ಜಿಲ್ಲೆಗಳ ಹಳ್ಳಿಗಳನ್ನು. ಆಗ ಯಾದಗಿರಿಯೂ ಕಲಬುರಗಿ ಜಿಲ್ಲೆಯೊಳಗೇ ಇತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ ಬರುತ್ತಿತ್ತು. ಊರಿಗೆಲ್ಲ ಒಂದೇ ಟಿವಿ. ಬಿಲ್ಲಿಲ್ಲ, ಪಾಸ್‌ವರ್ಡಿಲ್ಲ, ಒಬ್ಬರಿಂದ ಒಬ್ಬರು ಮುಚ್ಚಿಡುವುದೂ ಇಲ್ಲ. ನೂರಾರು ಜನ ನೆಲದ ಮೇಲೆ ಕುಳಿತು ಒಂದೇ ಕಾರ್ಯಕ್ರಮ ನೋಡುತ್ತಿದ್ದೆವು, ಮರುದಿನ ಹೊಲದಲ್ಲಿ ಅದನ್ನೇ ಮಾತಾಡುತ್ತಿದ್ದೆವು. ಒಂದು ಮನೆಯಲ್ಲಿ ಐದು ಪರದೆ ಇರುವ ಈ ಕಾಲದಲ್ಲಿ ನಂಬಿಕೆ ಕಡಿಮೆಯಾಗಿದೆಯೆಂದರೆ ನಾನು ಆಶ್ಚರ್ಯಪಡುವುದಿಲ್ಲ.

ಭಾಲ್ಕಿ ಅಕ್ಕ

ಮಾಸ್ತರರೇ, ನಿಮ್ಮ ನೆನಪಿನ ಬಗ್ಗೆ ಗೌರವವಿದೆ. ಆದರೆ ಅಂಥ ಸಂಜೆಗಳ ಬಗ್ಗೆ ನಮ್ಮ ಅವ್ವ ಹೇಳುವ ಕತೆ ಬೇರೆ. ರೊಟ್ಟಿ ಬಡಿದು, ದನಕ್ಕೆ ನೀರು ಕುಡಿಸಿ, ಗಂಡಸರೆಲ್ಲ ಮುಂದೆ ಕುಳಿತ ಮೇಲೆ ಹೆಂಗಸರಿಗೆ ಉಳಿಯುತ್ತಿದ್ದುದು ಗೋಡೆಯ ಮಗ್ಗುಲಿನ ಜಾಗ. ಯಾವ ಕೇರಿಯವರು ಎಲ್ಲಿ ಕೂಡಬೇಕೆಂಬುದೂ ಮೊದಲೇ ನಿಗದಿಯಾಗಿರುತ್ತಿತ್ತು. ಮುಚ್ಚಿಡುವುದಕ್ಕೆ ಏನೂ ಇರಲಿಲ್ಲವೆಂದು ನೀವು ಹೇಳುತ್ತೀರಿ. ತನಗೆ ಬೇಕಾದದ್ದನ್ನು ಆರಿಸಿ ನೋಡುವ ಅವಕಾಶವೇ ಅವ್ವನಿಗೆ ಇರಲಿಲ್ಲವೆಂದು ನಾನು ಹೇಳುತ್ತೇನೆ. ಈಗ ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು ತತ್ವಪದ, ಭಜನೆ, ಒಮ್ಮೊಮ್ಮೆ ಮರಾಠಿ ಲಾವಣಿ ಕೂಡ ಕೇಳುತ್ತಾಳೆ. ಏನು ಕೇಳುತ್ತಿದ್ದೀ ಎಂದು ನಾನು ಕೇಳುವುದಿಲ್ಲ.

ನಿವೃತ್ತ ಮಾಸ್ತರ (ಶಹಾಪುರ)

ಒಪ್ಪತಕ್ಕ ಮಾತು, ತಾಯಿ. ಕೂಡುವ ಜಾಗದ ವಿಷಯವಂತೂ ನಿಜ.

ಯಾದಗಿರಿ ಸ್ಟೇಷನ್ ರೋಡ್

ನೀವೆಲ್ಲ ಐದು ಮೊಬೈಲಿನ ಮನೆಯ ಮಾತಾಡುತ್ತಿದ್ದೀರಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ, ಅದೂ ದುಡಿಯಲು ಬೆಂಗಳೂರಿಗೋ ಹೈದರಾಬಾದಿಗೋ ಹೋದ ಗಂಡನ ಹೆಸರಿನ ಸಿಮ್‌ನದು. ಹಗಲು ಮಕ್ಕಳ ಪಾಠ, ಸಂಜೆ ತಾಯಿಯ ಧಾರಾವಾಹಿ, ರಾತ್ರಿ ದೊಡ್ಡ ಮಗನ ಕ್ರಿಕೆಟ್ಟು. ಇಂಥ ಮನೆಯಲ್ಲಿ ಗೋಪ್ಯ ಎಂದರೆ ನಗುತ್ತಾರೆ. ಆದರೆ ಒಂದು ವಿಷಯದಲ್ಲಿ ನಗುವುದಿಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುವುದಕ್ಕೆ ಶುರುವಾಯಿತಲ್ಲ, ಆ ಮೆಸೇಜ್ ಯಾರ ನಂಬರಿಗೆ ಹೋಗುತ್ತದೆ ಎಂಬುದರ ಮೇಲೆ ಆ ಹಣ ನಿಜವಾಗಿ ಯಾರದೆಂಬುದು ತೀರ್ಮಾನವಾಗುತ್ತದೆ. ಗಂಡನ ನಂಬರು ಜೋಡಿಸಿದ್ದರೆ ಹಣ ಜಮೆಯಾದ ಗಳಿಗೆಯಲ್ಲೇ ಅಲ್ಲಿಂದ ಫೋನು ಬರುತ್ತದೆ. ಬ್ಯಾಂಕಿಗೆ ಹೋಗಿ ತನ್ನದೇ ನಂಬರು ಹಾಕಿಸಿಕೊಂಡ ಹೆಂಗಸರನ್ನು ನಾನು ಬಲ್ಲೆ. ಈ ಅಕ್ಕನ ಅತ್ತೆಯವರ ತಲೆದಿಂಬಿನ ಕೆಳಗಿನ ಮೊಬೈಲಿನಲ್ಲಿಯೂ ಅಂಥದ್ದೇ ಒಂದು ಮೆಸೇಜ್ ಇದ್ದಿರಬಹುದು.

ಹಾಸ್ಟೆಲ್ ಹುಡುಗಿ (ಕಲಬುರಗಿ)

ಅಣ್ಣಾ, ನಿಮ್ಮ ಮಾತು ಬಹಳ ಹಿಡಿಸಿತು, ಕೊನೆಯ ವಾಕ್ಯವೊಂದನ್ನು ಬಿಟ್ಟು. ಅತ್ತೆಯವರ ಮೊಬೈಲಿನಲ್ಲಿ ಏನಿರಬಹುದೆಂದು ಇಲ್ಲಿ ಊಹಿಸುತ್ತಾ ಕೂರುವುದಕ್ಕೂ ಮಾವನವರು ಮಾಡಿದ್ದಕ್ಕೂ ಏನು ವ್ಯತ್ಯಾಸ?

ಯಾದಗಿರಿ ಸ್ಟೇಷನ್ ರೋಡ್

ಅಳಿಸಲು ಬರುತ್ತಿಲ್ಲ, ಇರಲಿ. ಆದರೂ ಈ ಮಾತು ಅತ್ತೆಗಿಂತ ಇಲ್ಲಿ ಓದುತ್ತಿರುವ ಗಂಡಸರಿಗೆ ಎಂದು ತಿಳಿಯಿರಿ.

ಲಾ ಕಾಲೇಜ್ ಕೊನೆಯ ಬೆಂಚು

ಕಾನೂನಿನ ಮಾತು ಇನ್ನೂ ಯಾರೂ ಎತ್ತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದರೆ ಅದು ಮುಖ್ಯವಾಗಿ ಸರ್ಕಾರದ ಎದುರಿನ ಹಕ್ಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 3ನೇ ಕಲಮಿನಲ್ಲಿ, ವ್ಯಕ್ತಿಯೊಬ್ಬ ವೈಯಕ್ತಿಕ ಅಥವಾ ಗೃಹಕೃತ್ಯದ ಉದ್ದೇಶಕ್ಕೆ ಮಾಹಿತಿ ಬಳಸಿದರೆ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸ್ಪಷ್ಟವಾಗಿಯೇ ಇದೆ. ಅಂದರೆ ಮಾವನವರು ಮೊಮ್ಮಗಳ ಮೊಬೈಲು ತೆರೆದರೆ ಅದರಡಿ ದೂರು ನಿಲ್ಲುವುದಿಲ್ಲ.

ಅದೇ ಕಾಯ್ದೆ ಕಂಪನಿಗಳಿಗೆ ಬೇರೆ ಮಾತು ಹೇಳುತ್ತದೆ. ಹದಿನೆಂಟರೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ, ಅವರ ನಡವಳಿಕೆಯನ್ನು ಹಿಂಬಾಲಿಸಿ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ.

ಸುರಪುರದ ತಂದೆ

ನೋಡಿದಿರಾ? ಕಾನೂನೇ ಪೋಷಕರ ಒಪ್ಪಿಗೆ ಕೇಳುತ್ತಿದೆ.

ಲಾ ಕಾಲೇಜ್ ಕೊನೆಯ ಬೆಂಚು

ಒಪ್ಪಿಗೆ ಕೇಳುತ್ತಿದೆ, ಸರ್. ಕಂಪನಿ ಮಗುವಿನ ಮಾಹಿತಿ ತೆಗೆದುಕೊಳ್ಳಬಹುದೇ ಎಂಬುದಕ್ಕೆ ಒಪ್ಪಿಗೆ. ಮಗು ನೋಡಿದ್ದನ್ನೆಲ್ಲ ಮನೆಯವರಿಗೆ ಓದಿ ಹೇಳಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ.

ತೊಗರಿ ಹೊಲ (ಸೇಡಂ)

ನನ್ನ ದೃಷ್ಟಿಯಲ್ಲಿ ರೊಕ್ಕ ಸೋರುತ್ತಿರುವುದು ಓಟಿಟಿಯಲ್ಲಿ ಅಲ್ಲ, ರೀಚಾರ್ಜಿನಲ್ಲಿ. 28 ದಿನದ ಪ್ಯಾಕ್ ಹಾಕಿಸಿದರೆ ವರ್ಷಕ್ಕೆ 13 ರೀಚಾರ್ಜ್ ಆಗುತ್ತವೆ. ಐದು ಮೊಬೈಲಿಗೆ ವರ್ಷಕ್ಕೆ ಐದು ರೀಚಾರ್ಜ್ ಹೆಚ್ಚುವರಿ. 2024ರ ಜುಲೈಯಲ್ಲಿ ಎಲ್ಲ ಖಾಸಗಿ ಕಂಪನಿಗಳೂ ದರ ಏರಿಸಿದ ಮೇಲೆ ಇದು ಸಣ್ಣ ಮೊತ್ತವಲ್ಲ. ಮನೆಯಲ್ಲಿ ವೈಫೈ ಇದ್ದೂ ಎಲ್ಲರಿಗೂ ದಿನಕ್ಕೆ ಎರಡು ಜಿಬಿಯ ಪ್ಯಾಕ್ ಯಾಕೆ? ಬರೀ ಕರೆ ಮಾಡುವ ಹಿರಿಯರಿಗೆ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್ ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶ ಮಾಡಿದೆ. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ನಮ್ಮ ಅಪ್ಪನ ಕೀಪ್ಯಾಡ್ ಮೊಬೈಲಿಗೆ ಅದನ್ನೇ ಹಾಕಿಸಿದ್ದೇನೆ. ಹೊಲದ ಮನೆಗೆ ಡಿಡಿ ಫ್ರೀ ಡಿಶ್ ಇದೆ, ಒಮ್ಮೆ ಛತ್ರಿ ಮತ್ತು ಬಾಕ್ಸ್ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ, ನಮಗೆ ಸಾಕು.

ಭಾಲ್ಕಿ ಅಕ್ಕ

ನಿಮಗೆ ಸಾಕು ಸರಿ, ಮನೆಯವರನ್ನು ಕೇಳಿದ್ದೀರಾ?

ತೊಗರಿ ಹೊಲ (ಸೇಡಂ)

ಮನೆಯವರು ಊರೊಳಗಿನ ಮನೆಯಲ್ಲಿ ಕೇಬಲ್ ನೋಡುತ್ತಾರೆ, ಹುಮನಾಬಾದಿನವರು ಗಾಬರಿಯಾಗಬಾರದು.

ಹಾಸ್ಟೆಲ್ ಹುಡುಗಿ (ಕಲಬುರಗಿ)

ಲೆಕ್ಕದ ಅಕ್ಕನಿಗೆ ಇನ್ನೊಂದು ಉಪಯುಕ್ತ ಮಾತು. ಮನೆಯ ಟಿವಿಯಲ್ಲಿ ಯೂಟ್ಯೂಬ್ ಯಾರ ಖಾತೆಯಿಂದ ತೆರೆದಿದೆ ನೋಡಿ. ಒಂದೇ ಖಾತೆಯಾಗಿದ್ದರೆ ಯಾರೂ ಇಣುಕಬೇಕಾಗಿಲ್ಲ, ಎಲ್ಲರೂ ನೋಡಿದ್ದರ ನೆರಳು ಮೊದಲ ಪುಟದಲ್ಲಿಯೇ ಬೀಳುತ್ತದೆ. ನಮ್ಮ ಮನೆಯಲ್ಲಿ ಅಪ್ಪ ಮಂಡಿನೋವಿನ ಔಷಧಿ ಹುಡುಕುತ್ತಿದ್ದದ್ದು ನಮಗೆಲ್ಲ ತಿಳಿದದ್ದು ಹಾಗೆಯೇ. ಅವರು ಯಾರಿಗೂ ಹೇಳಿರಲಿಲ್ಲ. ಟಿವಿಯಲ್ಲಿ ಗೆಸ್ಟ್ ಆಗಿ ನೋಡಬಹುದು, ನೋಡಿದ್ದರ ಇತಿಹಾಸ ದಾಖಲಾಗುವುದನ್ನು ನಿಲ್ಲಿಸಬಹುದು, ಇಲ್ಲವೇ ಮೂರು ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಮಾಡಬಹುದು. ಹಣ ಕೊಟ್ಟು ನೋಡುವವರಾದರೆ ಯೂಟ್ಯೂಬ್‌ನ ಕುಟುಂಬ ಚಂದಾದಲ್ಲಿ ಒಬ್ಬರು ಹಣ ಕಟ್ಟಿ, ಮನೆಯ ಇನ್ನೂ ಐವರನ್ನು ಸೇರಿಸಿಕೊಳ್ಳಬಹುದು. ಬಿಲ್ಲು ಒಂದೇ ಬರುತ್ತದೆ, ನೋಡಿದ ಪಟ್ಟಿ ಅವರವರ ಖಾತೆಯಲ್ಲೇ ಉಳಿಯುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿ ಪ್ರೊಫೈಲಿಗೆ ಪಿನ್ ಹಾಕಬಹುದು. ಆದರೆ ಖಾತೆಯ ಪಾಸ್‌ವರ್ಡ್ ಇರುವವರು ಆ ಪಿನ್ನನ್ನು ತೆಗೆಯಬಲ್ಲರು ಎಂಬುದನ್ನು ಆ ತಂಗಿಗೆ ಮೊದಲೇ ಹೇಳಿಬಿಡಿ. ಬೀಗ ಇದೆಯೆಂದು ನಂಬಿ ಆಮೇಲೆ ಅದು ಬೀಗವಲ್ಲವೆಂದು ತಿಳಿಯುವುದು ಇನ್ನೂ ಕೆಟ್ಟದ್ದು.

ಲೆಕ್ಕ ಬರೆಯುವ ಸೊಸೆ (ಕಲಬುರಗಿ)

ಎಲ್ಲರಿಗೂ ಧನ್ಯವಾದಗಳು. ಯಜಮಾನರು ಬ್ಯಾಂಕಿನಿಂದ ವರ್ಷದ ಸ್ಟೇಟ್‌ಮೆಂಟ್ ತಂದರು. 299 ಹೋಗುತ್ತಿದ್ದುದು ಅವರೇ ಹಿಂದೊಮ್ಮೆ ಹಾಕಿಸಿ ಮರೆತ, ಮೊಬೈಲಿನಿಂದಲೂ ಅಳಿಸಿಬಿಟ್ಟಿದ್ದ ಒಂದು ವ್ಯಾಯಾಮದ ಆ್ಯಪ್‌ಗೆ. 149 ಮೈದುನ ಊರಿಗೆ ಬಂದಾಗ ಅಣ್ಣನ ಕಾರ್ಡ್ ಹಾಕಿ ಶುರುಮಾಡಿದ್ದು. ಮಗಳ ಹೆಸರಿನಲ್ಲಿ ಇದ್ದುದು 199ರ ಒಂದು ಕೋಚಿಂಗ್ ಆ್ಯಪ್ ಮಾತ್ರ, ಅದನ್ನು ಹಾಕಿಸಿಕೊಟ್ಟವರು ಮಾವನವರೇ. ಇದನ್ನು ಓದಿ ಹೇಳಿದಾಗ ಅವರು ಕನ್ನಡಕ ಒರೆಸಿಕೊಂಡು, ಆ ಕೋಚಿಂಗ್ ಮುಂದುವರಿಯಲಿ ಎಂದಷ್ಟೇ ಹೇಳಿದರು. ಮಗಳು ಇನ್ನೂ ಪೂರ್ತಿ ಮಾತಾಡುತ್ತಿಲ್ಲ. ಊಟಕ್ಕೆ ಕರೆಯಲು ಮುತ್ಯಾನ ಕೋಣೆಗೆ ಹೋಗುತ್ತಾಳೆ, ಬಾಗಿಲಲ್ಲೇ ನಿಂತು ಕರೆದು ಬರುತ್ತಾಳೆ.

ಇನ್ನು ಮುಂದೆ ಈ ಬಗೆಯ ಎಲ್ಲ ಪಾವತಿಗೂ ಬೇರೆ ಒಂದು ಖಾತೆ ತೆರೆದು, ತಿಂಗಳ ಮೊದಲಿಗೆ ಅದಕ್ಕೆ 2,500 ಮಾತ್ರ ಹಾಕುವುದೆಂದು ಮಾತಾಗಿದೆ. ಅದರ ಸ್ಟೇಟ್‌ಮೆಂಟ್ ಎಲ್ಲರೂ ನೋಡಬಹುದು. ಮಾವನವರು ಈಗ ಹಿಡಿದಿರುವ ಪಟ್ಟು ಬೇರೆ: ಮೊಮ್ಮಗನ ಮೊಬೈಲಾದರೂ ತಮ್ಮ ಕೈಗೆ ಬರಬೇಕಂತೆ. ಅವನು ಹದಿಮೂರು ವರ್ಷದವನು, ಆ ವಿಷಯದಲ್ಲಿ ನಾನೂ ಅರ್ಧ ಮಾವನವರ ಕಡೆಗೇ ಇದ್ದೇನೆ.

ಸುರಪುರದ ತಂದೆ

ಈಗ ಸರಿಯಾದ ಮಾತು ಬಂತು.

ಕೌಂಟರ್ ನಂಬರ್ ಮೂರು

ಹುಡುಗನಿಗೆ ನೋಡುವ ಸಮಯದ ಮಿತಿ, ಖರೀದಿಗೆ ಒಪ್ಪಿಗೆ ಇವೆರಡನ್ನು ಅವನ ಎದುರಿನಲ್ಲಿಯೇ ಹಾಕಿ, ಏಕೆ ಹಾಕುತ್ತಿದ್ದೀರಿ ಎಂದು ಹೇಳಿ. ಕೈಖರ್ಚಿಗೆ ಯುಪಿಐ ಬೇಕೆಂದು ಮಗಳು ಕೇಳಿದರೆ, ನಿಮ್ಮ ಖಾತೆಯಿಂದ ಅವಳು ತನ್ನ ಮೊಬೈಲಿನಲ್ಲಿ ಪಾವತಿಸಬಹುದಾದ ಯುಪಿಐ ಸರ್ಕಲ್ ಎಂಬ ಸೌಲಭ್ಯ ಇದೆ, ನಿಮ್ಮ ಪಿನ್ ಕೊಡಬೇಕಾಗಿಲ್ಲ. ಪ್ರತಿ ಪಾವತಿಗೂ ನೀವು ಒಪ್ಪಿಗೆ ಕೊಡುವಂತೆಯೂ ಮಾಡಬಹುದು, ತಿಂಗಳಿಗೆ ಇಷ್ಟು ಎಂದು 15,000ದೊಳಗೆ ಮಿತಿ ಹಾಕಿ ಬಿಟ್ಟುಬಿಡಲೂಬಹುದು. ಅವಳು ಎಲ್ಲಿ ಖರ್ಚು ಮಾಡಿದಳೆಂಬುದು ಮಾತ್ರ ನಿಮಗೆ ಕಾಣುತ್ತದೆ. ಅದನ್ನು ಅವಳಿಗೆ ಮುಂಚಿತವಾಗಿ ತಿಳಿಸಿ.

ಭಾಲ್ಕಿ ಅಕ್ಕ

ಸ್ಟೇಟ್‌ಮೆಂಟ್ ಎಲ್ಲರೂ ನೋಡಬಹುದು ಎಂದಿರಲ್ಲ, ಅತ್ತೆಯವರಿಗೂ ತೋರಿಸಿ. ಅವರ ಖಾತೆಯನ್ನು ಮಾತ್ರ ಯಾರೂ ಕೇಳಬೇಡಿ.

ಬೀದರ್ ಕೋಟೆ ಹುಡುಗ

ಮಾತಾಡುವುದಿಲ್ಲ ಎಂದಿದ್ದೆ, ಆದರೆ ಒಂದು ಪ್ರಶ್ನೆ ಉಳಿದಿದೆ. ಮೈದುನನವರ 149 ಈಗ ಯಾರು ಕಟ್ಟುತ್ತಾರೆ?

ಲೆಕ್ಕ ಬರೆಯುವ ಸೊಸೆ (ಕಲಬುರಗಿ)

ಅದೇ ಈಗಿನ ಜಗಳ. ಅದು ನೆಟ್‌ಫ್ಲಿಕ್ಸ್ ಚಂದಾ. ಬೆಂಗಳೂರಿನಿಂದ ಅವನು ನೋಡಲಿ, ಇಲ್ಲಿಂದ ನಾವೂ ನೋಡೋಣ, ಅರ್ಧರ್ಧ ಹಂಚಿಕೊಳ್ಳೋಣ ಎಂದು ಯಜಮಾನರ ವಾದ.

ಸೂಪರ್ ಮಾರ್ಕೆಟ್ ಮೊಬೈಲ್ ಅಂಗಡಿ

ಆ ಹಂಚಿಕೆ ನಡೆಯುವುದಿಲ್ಲ. ಒಂದು ಖಾತೆಯನ್ನು ಒಂದೇ ಮನೆಯಲ್ಲಿ ವಾಸಿಸುವವರು ಮಾತ್ರ ಬಳಸಬೇಕೆಂದು ನೆಟ್‌ಫ್ಲಿಕ್ಸ್ 2023ರ ಜುಲೈ 20ರಿಂದ ಭಾರತದಲ್ಲಿಯೂ ಪಟ್ಟು ಹಿಡಿದಿದೆ. ಮೇಲಾಗಿ 149ರದು ಮೊಬೈಲಿನ ಪ್ಲಾನು, ಟಿವಿಯಲ್ಲಿ ಬರುವುದೇ ಇಲ್ಲ. ಮೈದುನನವರು ಪ್ರೊಫೈಲ್ ವರ್ಗಾವಣೆ ಎಂಬ ಸೌಲಭ್ಯದಿಂದ ತಮ್ಮ ಪಟ್ಟಿಯನ್ನೆಲ್ಲ ಹೊಸ ಖಾತೆಗೆ ಒಯ್ದುಕೊಂಡು ತಮ್ಮದೇ ಕಾರ್ಡ್ ಹಾಕಿಕೊಳ್ಳಲಿ. ಆಮೇಲೆ ಇಲ್ಲಿನ ಖಾತೆಯನ್ನು ರದ್ದು ಮಾಡಿ, ಬ್ಯಾಂಕಿನ ಮ್ಯಾಂಡೇಟನ್ನೂ ತೆಗೆಸಿ. ವರ್ಗಾವಣೆ ಮುಗಿಯುವ ಮೊದಲೇ ರದ್ದು ಮಾಡಲು ಅವಸರಪಡಬೇಡಿ, ಹಬ್ಬಕ್ಕೆ ಬಂದಾಗ ಅವರ ಮುಂದೆಯೇ ಮಾಡಿ.